ದಿನಾಂಕವನ್ನೇ ನಂಬರಾಗಿಸಿದ ಪಾಲ್ ಬಿಗ್ಸ್‌ಬಿ

ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಸಿಕ್ಕಾಗ ಅದನ್ನು ಮಾಡಿದವರು ಯಾರೆಂದು ಹೇಳುವುದು ಸುಲಭವಲ್ಲ. ಅಮೆರಿಕದಲ್ಲಿ ಇಂಥ ಎಷ್ಟೋ ವಾದ್ಯಗಳನ್ನು ಜನ ಮನೆಯ ಶೆಡ್ಡಿನಲ್ಲೇ, ಕೈಗೆ ಸಿಕ್ಕ ಸಾಮಾನಿನಿಂದ ಮಾಡಿಕೊಂಡಿದ್ದರು. ಅವುಗಳ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಆದರೆ ಪಾಲ್ ಬಿಗ್ಸ್‌ಬಿ ತಮ್ಮ ಮನೆಯ ಹಿಂದಿನ ವರ್ಕ್‌ಶಾಪಿನಲ್ಲಿ ಮಾಡಿದ ವಾದ್ಯಗಳು ತಮ್ಮ ಜಾತಕವನ್ನು ತಾವೇ ಹೇಳುತ್ತವೆ. ಕೆಲಸ ಮುಗಿದ ದಿನಾಂಕವನ್ನೇ ಅವರು ಸೀರಿಯಲ್ ನಂಬರಾಗಿ ಒತ್ತುತ್ತಿದ್ದರು. 52548 ಎಂದಿದ್ದರೆ 1948ರ ಮೇ 25 ಎಂದರ್ಥ.

ಬಿಗ್ಸ್‌ಬಿ ಹುಟ್ಟಿದ್ದು 1899ರಲ್ಲಿ, ಇಲಿನಾಯ್ ರಾಜ್ಯದ ಎಲ್ಜಿನ್‌ನಲ್ಲಿ. ಬದುಕು ಕಟ್ಟಿಕೊಂಡದ್ದು ಲಾಸ್ ಏಂಜಲಿಸ್ ಸುತ್ತಮುತ್ತ. ಮೋಟಾರ್ ಸೈಕಲ್ ರೇಸ್ ಅವರ ಹುಚ್ಚು, ಪ್ಯಾಟರ್ನ್ ಮಾಡುವುದು ಅವರ ಕಸುಬು. ಫೌಂಡ್ರಿ ಲ್ಯಾಬ್ ಮಾಡಿದವರಿಗೆ ಇದು ಗೊತ್ತು: ಕರಗಿದ ಲೋಹ ಸುರಿಯುವ ಮೊದಲು ಮರಳಿನಲ್ಲಿ ಅಚ್ಚು ಮೂಡಿಸಲು ಒಂದು ಮಾದರಿ ಬೇಕು, ಅದೇ ಪ್ಯಾಟರ್ನ್. ಕ್ರಾಕರ್ ಮೋಟಾರ್ ಸೈಕಲ್ ಕಂಪನಿಯಲ್ಲಿ ಅವರು ಈ ಕೆಲಸ ಮಾಡಿದರು.

ಗಿಟಾರಿಗೆ ಅವರನ್ನು ಎಳೆತಂದದ್ದು ಒಂದು ರಿಪೇರಿ. ಬೈಕ್ ಪ್ರಿಯರೇ ಆಗಿದ್ದ ಗಾಯಕ ಮರ್ಲ್ ಟ್ರಾವಿಸ್ ತಮ್ಮ ಗಿಟಾರಿನ ವೈಬ್ರಾಟೊ ಹಿಡಿಯನ್ನು ತಂದುಕೊಟ್ಟರು. ಸ್ವರವನ್ನು ಅಲುಗಿಸುವ ಆ ಹಿಡಿ ಬಳಸಿದಾಗಲೆಲ್ಲ ಶ್ರುತಿ ತಪ್ಪುತ್ತಿತ್ತು. ಬಿಗ್ಸ್‌ಬಿ ಅದನ್ನು ಸರಿಪಡಿಸುವುದರ ಬದಲು ಹೊಸದನ್ನೇ ಮಾಡಿದರು. ಮುಂದೆ ಟ್ರಾವಿಸ್‌ಗಾಗಿ, ಆರೂ ಬಿರಡೆಗಳು ಒಂದೇ ಬದಿಯಲ್ಲಿರುವ ಎಲೆಕ್ಟ್ರಿಕ್ ಗಿಟಾರನ್ನೂ ಮಾಡಿಕೊಟ್ಟರು. ಮೇಲೆ ಹೇಳಿದ ನಂಬರು ಅದರದ್ದೇ. ಆಗ ಬಿಗ್ಸ್‌ಬಿ ವಯಸ್ಸು 48.

ಅದೇ ವರ್ಷ ಸ್ಪೀಡಿ ವೆಸ್ಟ್ ಎಂಬ ವಾದಕರಿಗೆ ಮೂರು ನೆಕ್, ನಾಲ್ಕು ಪೆಡಲ್‌ಗಳ ಸ್ಟೀಲ್ ಗಿಟಾರ್ ತಯಾರಾಯಿತು. ವಿಶ್ವಮೋಹನ ಭಟ್ಟರು ಮೋಹನವೀಣೆಯ ಮೇಲೆ ಉಕ್ಕಿನ ಕಡ್ಡಿ ಜಾರಿಸುವುದನ್ನು ನೋಡಿದ್ದೀರಲ್ಲ? ಇಲ್ಲೂ ಹಾಗೆಯೇ. ಆದರೆ ಕಡ್ಡಿ ಜಾರಿದರೆ ಅದರ ಕೆಳಗಿರುವ ಎಲ್ಲ ತಂತಿಗಳ ಸ್ವರವೂ ಒಟ್ಟಿಗೆ ಏರುತ್ತದೆ. ಪೆಡಲ್ ಒತ್ತಿದರೆ ಬೇಕಾದ ತಂತಿಯಷ್ಟೇ ಬಿಗಿಯಾಗುತ್ತದೆ. ಪೆಡಲ್ ಇರುವ ಸ್ಟೀಲ್ ಗಿಟಾರ್ ಅವರಿಗಿಂತ ಮೊದಲೂ ಇತ್ತು. ಆದರೆ ಅದರ ನಿಜವಾದ ಶಕ್ತಿ ಜಗತ್ತಿಗೆ ಕೇಳಿಸಿದ್ದು ಬಿಗ್ಸ್‌ಬಿ ವಾದ್ಯದಿಂದ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್, ಸ್ವರ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ಸ್ವರ ನಿಂತಿರುತ್ತದೆ, ಪಕ್ಕದ್ದು ಮೇಲೇರುತ್ತದೆ. ಅದನ್ನು ಕೇಳಿದ ಬೇರೆ ವಾದಕರೂ ತಮ್ಮ ಗಿಟಾರಿಗೆ ಪೆಡಲ್ ಕಟ್ಟಲು ಹೊರಟರು.

ಬಿಗ್ಸ್‌ಬಿ ವಾದ್ಯ ಬೇಕಿದ್ದವರು ವರ್ಷಗಟ್ಟಲೆ ಕಾಯಬೇಕಿತ್ತು. ಅವರು ಒಂದೊಂದನ್ನೂ ಆಯಾ ವಾದಕರಿಗೆಂದೇ ಮಾಡುತ್ತಿದ್ದರು. ಹಾಗಾಗಿ ಇಂದು ಅದರ ಒಂದು ಭಾಗ ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಎರಕ ಹೊಯ್ಯಬೇಕು. ಹಳೆಯ ಭಾಗವನ್ನೇ ಮರಳಿಗೆ ಒತ್ತಿ ನಕಲು ತೆಗೆದರೆ ಆಗದು. ಅಲ್ಯೂಮಿನಿಯಂ ತಣಿಯುವಾಗ ಕುಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಭಾಗ ಸುಮಾರು 1.3 ಮಿಲಿಮೀಟರ್ ಚಿಕ್ಕದಾಗುತ್ತದೆ. ಅಷ್ಟು ಸಾಕು, ಜೋಡಣೆ ಕೂಡುವುದಿಲ್ಲ. ಮೊದಲು ತುಸು ದೊಡ್ಡ ಪ್ಯಾಟರ್ನ್ ಬೇಕು. ಅಂದರೆ, ಬಿಗ್ಸ್‌ಬಿ ವಾದ್ಯವನ್ನು ದುರಸ್ತಿ ಮಾಡುವವರು ಬಿಗ್ಸ್‌ಬಿಯ ಹಳೆಯ ಕಸುಬನ್ನೇ ಕಲಿಯಬೇಕು!

1960ರ ದಶಕದ ಮಧ್ಯದಲ್ಲಿ ಅವರು ತಮ್ಮ ಕಂಪನಿಯನ್ನು ಗಿಬ್ಸನ್‌ನ ಮುಖ್ಯಸ್ಥರಾಗಿದ್ದ ಟೆಡ್ ಮೆಕಾರ್ಟಿ ಅವರಿಗೆ ಮಾರಿದರು. 1968ರಲ್ಲಿ ತೀರಿಕೊಂಡರು. ಅವರ ವೈಬ್ರಾಟೊ ಹಿಡಿ ಇಂದಿಗೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ.

ಕ್ಯಾಂಪಸ್ ಸಂದರ್ಶನದ ತಯಾರಿಯಲ್ಲಿರುವ ನಮಗೆ, ಕಲಿತ ವಿದ್ಯೆ ಹಳತಾದರೆ ಗತಿಯೇನು ಎಂಬ ಭಯ ಇದ್ದೇ ಇದೆ. ಬಿಗ್ಸ್‌ಬಿ ಹೊಸ ಕ್ಷೇತ್ರಕ್ಕೆ ಬಂದದ್ದು ನಡುವಯಸ್ಸಿನಲ್ಲಿ, ಹಳೆಯ ವಿದ್ಯೆಯೊಂದಿಗೆ. ಬೈಕಿಗೆ ಮಾಡಿದ್ದನ್ನೇ ಗಿಟಾರಿಗೆ ಮಾಡಿದರು. ಲ್ಯಾಬ್ ರೆಕಾರ್ಡಿನಲ್ಲಿ ನಾವು ದಿನಾಂಕ ಬರೆಯುವುದು ಅಂಕಕ್ಕಾಗಿ. ಅವರ ದಿನಾಂಕದಲ್ಲಿ ಒಂದು ಜವಾಬ್ದಾರಿ ಇತ್ತು: ಇದು ಇಂಥ ದಿನ ನನ್ನ ಕೈಯಲ್ಲಿ ಮುಗಿದದ್ದು, ತಪ್ಪಿದ್ದರೆ ಅದೂ ನನ್ನದೇ. ನಮ್ಮ ಪ್ರಾಜೆಕ್ಟ್ ಮೇಲೆ ಹಾಗೆ ದಿನಾಂಕ ಒತ್ತಲು ನಾವು ಎಷ್ಟು ಜನ ಸಿದ್ಧರಿದ್ದೇವೆ?