ಸೊನ್ನಲಿಗೆಯ ಕರ್ಮಯೋಗಿ ಸಿದ್ಧರಾಮರು

ಕನ್ನಡ ನಾಡಿನ ಶಿವಶರಣರಲ್ಲಿ ಒಬ್ಬೊಬ್ಬರೂ ಒಂದೊಂದು ಕಾಯಕದಿಂದ ಪ್ರಸಿದ್ಧರಾದವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಆಯ್ದಕ್ಕಿ ಮಾರಯ್ಯನವರು ಅಕ್ಕಿ ಆಯ್ದರು. ಮಣ್ಣನ್ನು ಅಗೆದು ನೀರನ್ನು ನಿಲ್ಲಿಸುವುದನ್ನೇ ಶಿವಪೂಜೆಯೆಂದು ಬಗೆದು, ಊರಿಗೆ ಊರನ್ನೇ ಆ ಪೂಜೆಯಲ್ಲಿ ತೊಡಗಿಸಿದ ಕೀರ್ತಿ ಸೊನ್ನಲಿಗೆಯ ಸಿದ್ಧರಾಮರಿಗೆ ಸಲ್ಲುತ್ತದೆ.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಅದೀಗ ಮಹಾರಾಷ್ಟ್ರದಲ್ಲಿದ್ದರೂ 1956ರವರೆಗೆ ಆ ಸೀಮೆಯೂ ನಮ್ಮ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ನೆಲದ ಗುಣದಲ್ಲಿಯೂ ಈ ಎರಡು ಸೀಮೆಗಳಿಗೆ ನಂಟುಂಟು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೊಲ್ಲಾಪುರದ ಎರೆನೆಲವನ್ನು ಕಂಡವರಿಗೆ ನವಲಗುಂದ, ಅಣ್ಣಿಗೇರಿಗಳ ಹೊಲಗಳು ನೆನಪಿಗೆ ಬಾರದಿರವು. ಬೇಸಿಗೆಯಲ್ಲಿ ಬಾಯಿಬಿಡುವ ಈ ಮಣ್ಣು ಮಳೆಗೆ ಹಿಗ್ಗಿ ಅಂಟಾಗುತ್ತದೆ. ಬಿರುಮಳೆಯ ನೀರು ಒಳಗಿಳಿಯಲಾರದೆ ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರುತ್ತದೆ. ಇಂತಹ ನಾಡಿನಲ್ಲಿ ಮಳೆ ಬಂದರೆ ಸಾಲದು, ಬಂದ ಮಳೆಯನ್ನು ತಡೆದು ನಿಲ್ಲಿಸುವ ಕೈಗಳೂ ಬೇಕು.

ಹನ್ನೆರಡನೆಯ ಶತಮಾನದಲ್ಲಿ ಈ ಊರಿನ ಮುದ್ದುಗೌಡ, ಸುಗ್ಗವ್ವೆ ಎಂಬ ಒಕ್ಕಲು ದಂಪತಿಗಳ ಮಗನಾಗಿ ಸಿದ್ಧರಾಮರು ಜನಿಸಿದರು. ಧೂಳಿಮಾಕಾಳನೆಂಬುದು ಅವರ ಮೊದಲ ಹೆಸರೆಂದು ಪ್ರತೀತಿ. ಮಾತು ಕಡಿಮೆಯಾದ ಈ ಬಾಲಕನನ್ನು ಮನೆಯವರು ಮಂದಮತಿಯೆಂದೇ ತಿಳಿದು ಹೊಲ ಕಾಯಲು ಕಳುಹಿಸುತ್ತಿದ್ದರು. ಅಲ್ಲಿಗೆ ಜಂಗಮ ರೂಪದಲ್ಲಿ ಬಂದ ಮಲ್ಲಯ್ಯನು ಉಣಿಸು ಬೇಡಿದನೆಂದೂ, ಬಾಲಕನು ಮನೆಯಿಂದ ತರುವಷ್ಟರಲ್ಲಿ ಮರೆಯಾದನೆಂದೂ ಚರಿತೆ ಹೇಳುತ್ತದೆ. ಆತನನ್ನು ಅರಸುತ್ತ ಶ್ರೀಶೈಲಕ್ಕೆ ಹೋದ ಸಿದ್ಧರಾಮರು ಕಾಣದ ದುಃಖದಲ್ಲಿ ಕಮರಿಗೆ ಹಾರಲು ಸಿದ್ಧರಾದಾಗ ಮಲ್ಲಿಕಾರ್ಜುನನು ಕೈಹಿಡಿದನಂತೆ. ಶ್ರೀಶೈಲದಲ್ಲಿ ಉಳಿಸಿಕೊಳ್ಳದೆ, ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವಾಗಿಸೆಂದು ಅವರನ್ನು ಹಿಂದಿರುಗಿಸಿದನಂತೆ. ಅವರ ಮುಂದಿನ ಬಾಳಿನ ಬೀಜವೆಲ್ಲ ಈ ಒಂದು ಪ್ರಸಂಗದಲ್ಲಿದೆ. ದೇವರನ್ನು ಅರಸಿ ಊರು ಬಿಟ್ಟವರಿಗೆ ಊರೇ ದೇವರ ಕೆಲಸವಾಗಿ ದೊರೆಯಿತು.

ಹಿಂದಿರುಗಿದ ಸಿದ್ಧರಾಮರು ಗುಡಿ ಕಟ್ಟಿಸಿದರು, ಊರ ಸುತ್ತ ಲಿಂಗಗಳನ್ನು ಸ್ಥಾಪಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಶಿಷ್ಯರನ್ನೂ ಊರವರನ್ನೂ ಕೂಡಿಸಿಕೊಂಡು ದೊಡ್ಡ ಕೆರೆಯನ್ನು ತೋಡಿಸಿದರು. ಕೆರೆಯೆಂದರೆ ಕೇವಲ ಒಂದು ತಗ್ಗಲ್ಲ. ಹರಿದುಬರುವ ನೀರಿಗೆ ತಕ್ಕ ಏರಿ ಬೇಕು. ಬೇಕಾದಷ್ಟೇ ನೀರು ಬಿಡುವ ತೂಬು ಬೇಕು. ಹೆಚ್ಚಿನ ನೀರು ಏರಿಯನ್ನು ಒಡೆಯದಂತೆ ಹೊರಹೋಗಲು ಕೋಡಿ ಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಮಿಕ್ಕವು ವ್ಯರ್ಥ. ಮೇಲಿನ ಹೊಲಗಳ ಮಣ್ಣು ಕೊಚ್ಚಿ ಬಂದರೆ ಕೆರೆ ಹೂಳುತ್ತದೆ. ಆ ಹೂಳನ್ನು ತೆಗೆದು ಮರಳಿ ಹೊಲಕ್ಕೆ ಹಾಕಿದರೆ ಹೊಲವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ. ಆದುದರಿಂದ ಕೆರೆಯನ್ನು ಕಟ್ಟುವುದು ಒಂದು ದಿನದ ಪುಣ್ಯವಾದರೆ, ಅದನ್ನು ಕಾಯುವುದು ತಲೆಮಾರುಗಳ ವ್ರತ.

ಈ ಕಾಯಕಕ್ಕೆ ಕಠಿಣ ಪರೀಕ್ಷೆಯೊಂದು ಒದಗಿತು. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯ ಪ್ರಕಾರ, ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆ ತೋಡಿಸುತ್ತಿದ್ದ ಯೋಗಿಯನ್ನು ಒಡ್ಡನೆಂದು ಕರೆದರು. ಕೆರಳಿದ ಕೆಲಸಗಾರರು ಪ್ರಭುಗಳ ಮೇಲೆ ಕಲ್ಲೆಸೆದರು. ಸಿದ್ಧರಾಮರೂ ಕೋಪಗೊಂಡು ಬಂದರು. ಹೊರಗಿನ ನೆಲವನ್ನು ಅಗೆದವನು ತನ್ನೊಳಗಿನ ಅಹಂಕಾರವನ್ನು ಅಗೆದು ತೆಗೆದಿದ್ದಾನೆಯೇ ಎಂಬುದೇ ಪ್ರಭುಗಳ ಪ್ರಶ್ನೆಯ ತಿರುಳು. ತಾನು ಮಾಡಿದೆನೆಂಬ ಭಾವ ಉಳಿದಿರುವವರೆಗೆ ಧರ್ಮಕಾರ್ಯವೂ ಬಂಧನವೇ. ಸಿದ್ಧರಾಮರು ಇದನ್ನು ಮನಗಂಡು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಮುಂದೆ ಶೂನ್ಯಸಿಂಹಾಸನದ ಅಧ್ಯಕ್ಷತೆಯೂ ಅವರಿಗೆ ದೊರೆಯಿತೆಂದು ಪರಂಪರೆ ನಂಬುತ್ತದೆ. ಅಷ್ಟು ದೊಡ್ಡ ಪದವಿಗೇರಿದವರು ಕೊನೆಗೆ ಸೊನ್ನಲಿಗೆಗೇ ಮರಳಿ, ಅಲ್ಲಿಯೇ ಸಮಾಧಿಸ್ಥರಾದುದು ಗಮನಾರ್ಹ. ಅರಿವು ಅವರ ಕರ್ತೃತ್ವದ ಭಾವವನ್ನು ಕಳೆಯಿತೇ ಹೊರತು ಊರಿನ ಋಣವನ್ನು ಕಳೆಯಲಿಲ್ಲ.

ಕಪಿಲಸಿದ್ಧಮಲ್ಲಿಕಾರ್ಜುನ ಅಂಕಿತದ ಅವರ ಸಾವಿರಕ್ಕೂ ಹೆಚ್ಚು ವಚನಗಳು ಇಂದು ಲಭ್ಯವಿವೆ. ರಾಘವಾಂಕ ಕವಿಯು ಅವರ ಚರಿತೆಯನ್ನು ಷಟ್ಪದಿಯಲ್ಲಿ ಹಾಡಿದನು. ಮಣ್ಣಿನ ಕೆಲಸದಲ್ಲಿ ನಿಪುಣರಾದ ಭೋವಿ ಸಮಾಜದವರು ಅವರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಪ್ರಭುಗಳು ಹಂಗಿಸಲು ಬಳಸಿದ ಒಡ್ಡನೆಂಬ ಹೆಸರು ಹೀಗೆ ಗೌರವದ ಹೆಸರೇ ಆಯಿತು. ಪ್ರತಿವರ್ಷ ಮಕರ ಸಂಕ್ರಾಂತಿಯಂದು ಸೊಲ್ಲಾಪುರದಲ್ಲಿ ನಡೆಯುವ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಸೇರುತ್ತಾರೆ. ಕೆರೆಯ ನೀರಿನ ನಡುವೆ ಅವರ ಗುಡಿ ಇಂದಿಗೂ ನಿಂತಿದೆ.

ಸಿದ್ಧರಾಮರ ಊರೇ ಆಧುನಿಕ ಕಾಲದಲ್ಲಿಯೂ ಮಣ್ಣು-ನೀರಿನ ಶಾಸ್ತ್ರಕ್ಕೆ ನೆಲೆಯಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯದ ಸಂಶೋಧನೆಗಳು ನಡೆದವು. 1942ರಲ್ಲಿ ಮುಂಬಯಿ ಸರಕಾರವು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ತಂದು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವ ಕಾರ್ಯಕ್ಕೆ ಆಧಾರ ಒದಗಿಸಿತು. ಒಬ್ಬನ ಹೊಲದ ಬದು ಒಡೆದರೆ ಕೆಳಗಿನವನ ಹೊಲ ಕೊರೆಯುವುದರಿಂದ, ಈ ಕೆಲಸ ಒಬ್ಬೊಬ್ಬರಿಂದ ಆಗದೆಂಬುದು ಸ್ಪಷ್ಟವಾಗಿತ್ತು. 2001ರ ಬಳಿಕ ಧಾರವಾಡ, ಹಾವೇರಿ ಮೊದಲಾದ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಗ್ರಾಮಸ್ಥರ ಸಂಘಗಳೇ ತಮ್ಮ ನೆಲದ ಯೋಜನೆಯನ್ನು ರೂಪಿಸಲು ಕುಳಿತವು. ಹಳ್ಳದ ನೀರಿಗೆ ಸರ್ವೆ ನಂಬರಿನ ಗಡಿಯಿಲ್ಲ. ಅದನ್ನು ತಡೆಯುವವರ ಮನಸ್ಸಿಗೂ ಗಡಿಯಿರಬಾರದು.

ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ತೂಬಿನ ಕಸ ತೆಗೆದವರ, ಏರಿಯ ಬಿರುಕು ಮುಚ್ಚಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೂ ನೀರು ನಿಂತಿರುವುದು ಅವರಿಂದಲೇ. ವಿದ್ಯಾಸಂಸ್ಥೆಗಳ ಬಾಳೂ ಹೀಗೆಯೇ ಎಂಬುದನ್ನು ದಾನಿಗಳೂ ಗುರುವೃಂದವೂ ಹಳೆಯ ವಿದ್ಯಾರ್ಥಿಗಳೂ ಬಲ್ಲರು. ಮಾಡಿದೆನೆಂಬುದನ್ನು ಮರೆತು, ಮಾಡುವುದನ್ನು ಮರೆಯದೆ ಇರುವುದೇ ಸಿದ್ಧರಾಮರಿಗೆ ನಾವು ಸಲ್ಲಿಸಬಹುದಾದ ನಿಜವಾದ ಸ್ಮರಣೆ.