ಬೀಳಗಿಯ ಕೊರಳು: ಅಮೀರಬಾಯಿ ಕರ್ನಾಟಕಿ

ಒಂದು ಪ್ರಕಾರದಲ್ಲಿ ಹುಟ್ಟಿದ ಕೃತಿಯನ್ನು ಇನ್ನೊಂದು ಪ್ರಕಾರಕ್ಕೆ ತರುವ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. ಮುಧೋಳದಲ್ಲಿ ಹುಟ್ಟಿದ ರನ್ನಕವಿಯ ಗದಾಯುದ್ಧವು ಒಂಬತ್ತು ಶತಮಾನಗಳ ತರುವಾಯ ಬಿ. ಎಂ. ಶ್ರೀಕಂಠಯ್ಯನವರ ಕೈಯಲ್ಲಿ ನಾಟಕವಾಯಿತು. ಆ ರೂಪಾಂತರ ಗೆದ್ದದ್ದೇಕೆಂದು ಹುಡುಕಬೇಕಾಗಿಲ್ಲ. ರನ್ನನ ಕಾವ್ಯದೊಳಗೇ ನಾಟಕವೊಂದು ಅಡಗಿ ಕುಳಿತಿತ್ತು. ಶ್ರೀಯವರು ಅದನ್ನು ಕಂಡರು, ಕಂಡದ್ದನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಡುವ ಧೈರ್ಯ ತೋರಿದರು. ನಾಟಕವು ಚಲಚ್ಚಿತ್ರವಾದ ಕತೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನನಗೆ ಬಹುದಿನಗಳಿಂದ ಅನಿಸುತ್ತಿತ್ತು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಮುಧೋಳದ ನೆರೆಯಲ್ಲಿಯೇ ಇರುವ ಬೀಳಗಿಯಿಂದ ಹೊರಟ ಇಬ್ಬರು ಅಕ್ಕತಂಗಿಯರ ಬಾಳಿನಲ್ಲಿ ಆ ಕತೆಯ ಗೆಲುವೂ ಸೋಲೂ ಒಟ್ಟಿಗೆ ದೊರೆಯುತ್ತವೆ. ಅವರಲ್ಲಿ ಒಬ್ಬರು ಗೋಹರಬಾಯಿ. ಇನ್ನೊಬ್ಬರು ಅಮೀರಬಾಯಿ; ಈ ಲೇಖನದ ನಾಯಿಕೆ ಆಕೆಯೇ.

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಸಂಗೀತ ನಾಟಕಗಳ ಬಳಕೆಯುಳ್ಳ ಒಂದು ಮುಸಲ್ಮಾನ ಮನೆತನದಲ್ಲಿ. ಬೀಳಗಿ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಪಕ್ಕದ ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. ದರಬಾರಿನ ಮಾತು ಮರಾಠಿ, ಹೊಲದ ಮಾತು ಕನ್ನಡ. ಸುಗ್ಗಿ ಮುಗಿದ ಮೇಲೆ ಊರೂರುಗಳಲ್ಲಿ ಬೆಳಗಿನವರೆಗೆ ಶ್ರೀಕೃಷ್ಣ ಪಾರಿಜಾತದ ಆಟ. ರಬಕವಿ, ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ಹಗಲೆಲ್ಲ ಲಾಳಿ ಎಳೆದವರು ರಾತ್ರಿ ಚಾಪೆಯನ್ನು ಕಂಕುಳಲ್ಲಿ ಇರಿಕಿಕೊಂಡು ಹೊರಡುವಂಥ ನಾಡು ಅದು. ಇತ್ತ ಸಾಂಗಲಿ ಬಹಳ ದೂರವಲ್ಲ. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತ ಮೇಳದ ಆಟವನ್ನು ಕಂಡು ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಸೀತಾಸ್ವಯಂವರವನ್ನು ಕಟ್ಟಿದ್ದು ಅಲ್ಲಿಯೇ. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೀಗೆ ಎರಡು ಭಾಷೆಗಳ ರಂಗಭೂಮಿಗಳು ಒಂದರ ಬಾವಿಯಿಂದ ಒಂದು ನೀರು ಸೇದಿಕೊಂಡ ಈ ಸೀಮೆಯಲ್ಲಿ ಹುಟ್ಟಿದ ಹುಡುಗಿಯರಿಗೆ ಹಾಡು ಕಲಿಯಲು ಶಾಲೆ ಬೇಕಾಗಲಿಲ್ಲ. ಅಕ್ಕತಂಗಿಯರು ಕಂಪನಿ ನಾಟಕಗಳ ಗಾಳಿಯಲ್ಲಿಯೇ ಬೆಳೆದರು.

ಆ ಕಾಲದ ಕಂಪನಿಯ ಹಾಡುಗಾರಿಕೆ ಎಂತಹದೆಂಬುದನ್ನು ಇಂದಿನ ವಿದ್ಯಾರ್ಥಿಗಳು ತುಸು ಊಹಿಸಿಕೊಳ್ಳಬೇಕು. ಧ್ವನಿವರ್ಧಕವಿಲ್ಲ. ಕಾಲುಪೇಟಿಯನ್ನೂ ತಬಲೆಯನ್ನೂ ಮೀರಿ, ಮಗುವಿನ ಅಳುವನ್ನೂ ಶೇಂಗಾ ಮಾರುವವನ ಕೂಗನ್ನೂ ದಾಟಿ, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೆ ಸಾಹಿತ್ಯದ ಒಂದೊಂದು ಅಕ್ಷರವೂ ಮುಟ್ಟಬೇಕು. ಮೆಚ್ಚಿದವರು ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೆ ಹಾಡಬೇಕು! ಒಂದು ಪದವನ್ನು ಅರ್ಧ ಗಂಟೆ ಬೆಳೆಸಿದರೂ ಯಾರಿಗೂ ಅವಸರವಿಲ್ಲ. ಈ ವಿದ್ಯೆಗೆ ಬೇಕಾದದ್ದು ಎದೆಯ ಬಲ, ಅಕ್ಷರಶುದ್ಧಿ, ಸಭೆಯ ಉಸಿರನ್ನು ಕಣ್ಣಳತೆಯಲ್ಲಿಯೇ ಅಳೆಯುವ ಜಾಣತನ. ಚಲಚ್ಚಿತ್ರಕ್ಕೆ ಇವುಗಳಲ್ಲಿ ಅರ್ಧದಷ್ಟು ಬೇಡವಾಗಿತ್ತು.

ಅಮೀರಬಾಯಿ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಹೋದರು. ಅಕ್ಕ ಗೋಹರಬಾಯಿ ಆಗಲೇ ನಟಿಯೆಂದು ಹೆಸರಾಗಿದ್ದರು; ಅವರ ನೆರವಿನಿಂದ ತಂಗಿಗೆ 1934ರ ವಿಷ್ಣುಭಕ್ತಿ ಎಂಬ ಚಿತ್ರದಲ್ಲಿ ಪಾತ್ರ ದೊರೆಯಿತು. ಮುಂಬಯಿಯ ಜನ ಇಬ್ಬರ ಹೆಸರಿಗೂ ಕರ್ನಾಟಕಿ ಎಂದು ಸೇರಿಸಿ ಕರೆದರು. ಕನ್ನಡ ಸೀಮೆಗಳು ಒಂದಾದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಭೂಪಟದಲ್ಲಿ ಇನ್ನೂ ಇಲ್ಲದ ಒಂದು ನಾಡನ್ನು ಈ ಇಬ್ಬರು ಹೆಣ್ಣುಮಕ್ಕಳು ತಟ್ಟೆಮುದ್ರಿಕೆಗಳ ಮೇಲೆ ಅಚ್ಚುಹಾಕಿಸಿಕೊಂಡು ಹಿಂದುಸ್ತಾನದ ತುಂಬ ತಿರುಗಿಸಿದರೆಂದು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ.

ಆ 1934 ಕನ್ನಡಕ್ಕೂ ಮುಖ್ಯವಾದ ವರ್ಷ. ನಮ್ಮ ಮೊದಲ ವಾಕ್ಚಿತ್ರ ಸತೀ ಸುಲೋಚನ ತೆರೆ ಕಂಡದ್ದು ಆಗ. ಅದರ ಚಿತ್ರೀಕರಣ ನಡೆದದ್ದು ಜಮಖಂಡಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರವಾದ ಕೊಲ್ಹಾಪುರದಲ್ಲಿ. ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಕಂಪನಿಯ ನಟರು. ಮಾತು ಕಲಿತ ಚಿತ್ರಕ್ಕೆ ಮಾತನಾಡಬಲ್ಲವರು, ಹಾಡಬಲ್ಲವರು ಬೇಕಾದರು. ಅವರು ಸಿಕ್ಕುತ್ತಿದ್ದುದು ರಂಗಭೂಮಿಯಲ್ಲಿ ಮಾತ್ರ. ನಾಟಕಗಳನ್ನು ಇಡಿ ಇಡಿಯಾಗಿ ಚಿತ್ರವಾಗಿಸುವ ಉತ್ಸಾಹ ದೇಶದಲ್ಲೆಲ್ಲ ಎದ್ದದ್ದು ಹೀಗೆ. ಎಲ್ಲವೂ ಕೆಟ್ಟವೆಂದು ನಾನು ಹೇಳಲಾರೆ. ಎಚ್. ಎಲ್. ಎನ್. ಸಿಂಹರು ತಮ್ಮ ಸಂಸಾರನೌಕೆಯನ್ನು 1936ರಲ್ಲಿ ಚಿತ್ರವಾಗಿಸಿದಾಗ, ನಮ್ಮ ಮನೆಗಳ ಸುಖದುಃಖವನ್ನೇ ಹೇಳುವ ಆ ವಸ್ತು ಕ್ಯಾಮರಾದ ಸಮೀಪದೃಷ್ಟಿಗೆ ಒಗ್ಗಿತು. ಗುಬ್ಬಿ ಕಂಪನಿಯ ಬೇಡರ ಕಣ್ಣಪ್ಪ 1954ರಲ್ಲಿ ಚಿತ್ರವಾಗಿ ಪಡೆದ ಕೀರ್ತಿಯನ್ನು ಹೇಳಬೇಕಾದ್ದೇ ಇಲ್ಲ.

ಸೋಲಿನ ಕತೆಗೆ ಬಂದರೆ ನೆನಪಾಗುವವರು ಬಾಲಗಂಧರ್ವರು. ಮರಾಠಿ ರಂಗಭೂಮಿಯ ಆ ಮೇರು ನಟರು ಹೆಣ್ಣಿನ ವೇಷದಲ್ಲಿ ರಂಗಕ್ಕೆ ಬಂದರೆ ಸ್ತ್ರೀಯರೇ ಅವರ ನಡೆಯನ್ನು, ಸೀರೆಯ ನೆರಿಗೆಯನ್ನು ನೋಡಿ ಕಲಿಯುತ್ತಿದ್ದರು. ಸಾಲದ ಹೊರೆ ಅವರನ್ನು ಚಿತ್ರರಂಗದ ಬಾಗಿಲಿಗೆ ತಂದಿತು. ಶಾಂತಾರಾಮರು 1935ರ ಧರ್ಮಾತ್ಮ ಚಿತ್ರದಲ್ಲಿ ಅವರಿಗೆ ಸಂತ ಏಕನಾಥರ ಪಾತ್ರ ಕೊಟ್ಟರು. ಗಂಡಸಿನ ಉಡುಗೆಯಲ್ಲಿ ಬಾಲಗಂಧರ್ವರನ್ನು ಕಂಡ ಅವರ ಅಭಿಮಾನಿಗಳು ತಬ್ಬಿಬ್ಬಾದರು. ಪ್ರಭಾತದೊಡನೆ ಅವರ ಸಂಬಂಧ ಆ ಒಂದು ಚಿತ್ರಕ್ಕೇ ಮುಗಿಯಿತು. ಅನಂತರ 1937ರಲ್ಲಿ ಬಾಬೂರಾವ್ ಪೇಂಟರರು ಸಾಧ್ವೀ ಮೀರಾಬಾಯಿಯನ್ನು ತೆಗೆದಾಗ ಬಾಲಗಂಧರ್ವರು ತಮ್ಮ ನಾಟಕದ ಮೀರೆಯಾಗಿಯೇ ನಿಂತರು. ಅದು ಇನ್ನೂ ದೊಡ್ಡ ಸೋಲಾಯಿತು. ರಂಗದ ದೂರದಲ್ಲಿ, ದೀಪದ ಮಬ್ಬಿನಲ್ಲಿ, ಸುಗಂಧದ ನಡುವೆ ನಿಜವಾಗಿದ್ದ ಹೆಣ್ಣು ಕ್ಯಾಮರಾದ ಮುಂದೆ ಐವತ್ತರ ಸಮೀಪದ ಗಂಡಸಾಗಿಬಿಟ್ಟಳು. ನಾಟಕದಲ್ಲಿ ಪ್ರೇಕ್ಷಕನು ಒಂದು ಒಪ್ಪಂದಕ್ಕೆ ಸಹಿ ಹಾಕಿ ಒಳಗೆ ಬಂದಿರುತ್ತಾನೆ. ಕ್ಯಾಮರಾ ಆ ಒಪ್ಪಂದವನ್ನು ಓದಿರುವುದಿಲ್ಲ.

ಇದಕ್ಕೆ ಎದುರಾಗಿ ವಿಷ್ಣುಪಂತ ಪಾಗನೀಸರನ್ನು ನೋಡಿ. ಅವರೂ ಸ್ತ್ರೀಪಾತ್ರಗಳಿಂದ ಹೆಸರಾದ ರಂಗನಟರೇ. ಆದರೆ ಪ್ರಭಾತದ ಸಂತ ತುಕಾರಾಮದಲ್ಲಿ (1936) ಅವರು ರಂಗದ ಅಂಗಚೇಷ್ಟೆಯನ್ನೆಲ್ಲ ಹೊಸ್ತಿಲ ಆಚೆ ಕಳಚಿಟ್ಟು ಬಂದರು. ಉಳಿಸಿಕೊಂಡದ್ದು ಹಾಡಿನ ಭಕ್ತಿಯೊಂದನ್ನೇ. ಆ ಚಿತ್ರ ವೆನಿಸ್ಸಿನವರೆಗೆ ಹೋಗಿ ಮನ್ನಣೆ ಪಡೆಯಿತು. ಇಂದು ಅಮೆರಿಕೆಯವರು ತಮ್ಮ ಹಳೆಯ ದೂರದರ್ಶನ ಮಾಲಿಕೆಗಳನ್ನು ಚಿತ್ರವಾಗಿಸುವಾಗಲೂ ಏಳುವ ಪ್ರಶ್ನೆ ಇದೇ ಅಲ್ಲವೆ? 1963ರಿಂದ ನಾಲ್ಕು ವರ್ಷ ನಡೆದ ದಿ ಫ್ಯುಜಿಟಿವ್ ಎಂಬ ಮಾಲಿಕೆಯನ್ನು 1993ರಲ್ಲಿ ಎರಡು ಗಂಟೆಗಳ ಒಂದೇ ಬೆನ್ನಟ್ಟುವಿಕೆಯಾಗಿ ಬಿಗಿದದ್ದರಿಂದ ಅದು ಗೆದ್ದಿತು. ಹಳೆಯ ಹೆಸರನ್ನೂ ಹಳೆಯ ವೇಷವನ್ನೂ ಮಾತ್ರ ಎತ್ತಿಕೊಂಡು ಬಂದ ಚಿತ್ರಗಳು ಸಾಧ್ವೀ ಮೀರಾಬಾಯಿಯ ದಾರಿ ಹಿಡಿದವು.

ಪಾಗನೀಸರ ಜೊತೆಗೇ ಅಮೀರಬಾಯಿಯವರ ಭಾಗ್ಯದ ಬಾಗಿಲೂ ತೆರೆಯಿತು. ವಿಜಯ ಭಟ್ಟರ ನರಸಿ ಭಗತ್ (1940) ಚಿತ್ರದಲ್ಲಿ ಇಬ್ಬರೂ ಇದ್ದರು. ಗಾಂಧೀಜಿಯವರಿಗೆ ಪ್ರಿಯವಾದ ನರಸೀ ಮೆಹತಾರ ವೈಷ್ಣವ ಭಜನೆ ಆ ಚಿತ್ರದ ಮೂಲಕ ಅಮೀರಬಾಯಿಯವರ ಕಂಠದಲ್ಲಿ ಮನೆಮನೆಯನ್ನು ಹೊಕ್ಕಿತು. ಬೀಳಗಿಯ ಮುಸಲ್ಮಾನ ಹೆಣ್ಣುಮಗಳು ಗುಜರಾತಿನ ವೈಷ್ಣವನ ಪದವನ್ನು ಹಾಡುವುದರಲ್ಲಿ ಆಶ್ಚರ್ಯಪಡುವಂಥದೇನೂ ನನಗೆ ಕಾಣುವುದಿಲ್ಲ. ಪಾರಿಜಾತದ ಸೀಮೆಯಲ್ಲಿ ಕೃಷ್ಣನನ್ನು ಹಾಡಲು ಜಾತಿ ಕೇಳಿದವರಿರಲಿಲ್ಲ.

ಆಕೆಯ ಸಾಧನೆಯ ತಿರುಳು ನನಗೆ ಕಾಣುವುದು ಇಲ್ಲಿಯೇ. ಹಿನ್ನೆಲೆ ಗಾಯನದ ಪದ್ಧತಿ ಹಿಂದೀ ಚಿತ್ರಗಳಲ್ಲಿ 1935ರ ಸುಮಾರಿಗೆ ಕಾಲಿರಿಸಿತ್ತು. ಅದುವರೆಗೆ ನಟಿ ಅಭಿನಯಿಸುತ್ತಲೇ ಹಾಡಬೇಕಾಗಿತ್ತು. ವಾದ್ಯದವರು ಮರದ ಮರೆಯಲ್ಲಿ ಅಡಗಿ ನುಡಿಸಬೇಕಾಗಿತ್ತು. ಈಗ ಮುಖ ಒಬ್ಬಳದು, ಕೊರಳು ಇನ್ನೊಬ್ಬಳದು ಆಗಬಹುದಾಯಿತು. ಅರ್ಧ ಗಂಟೆಯ ಪದ ಮೂರು ನಿಮಿಷಕ್ಕೆ ಇಳಿಯಿತು. ಕೊನೆಯ ಸಾಲಿಗೆ ಎಸೆಯಬೇಕಾಗಿದ್ದ ಸ್ವರವನ್ನು ಅಂಗೈಯಗಲದ ಮೈಕಿನ ಕಿವಿಯಲ್ಲಿ ಉಸುರಬೇಕಾಯಿತು. ಕಂಪನಿಯ ಎಷ್ಟೋ ಗಾಯಕಿಯರು ಇದನ್ನು ಒಲ್ಲದೆ, ಅಥವಾ ಇದು ಒಲಿಯದೆ, ಹಿಂದೆ ಉಳಿದರು. ಅಮೀರಬಾಯಿ ಎಸೆತವನ್ನು ಬಿಟ್ಟರು, ಅಕ್ಷರಶುದ್ಧಿಯನ್ನು ಉಳಿಸಿಕೊಂಡರು. ಆಲಾಪವನ್ನು ಬಿಟ್ಟರು, ಪದದ ಕೊನೆಯಲ್ಲಿ ಸ್ವರವನ್ನು ಸಣ್ಣಗೆ ತಿರುಗಿಸಿ ನಿಲ್ಲಿಸುವ ರಂಗದ ಕುಸುರನ್ನು ಉಳಿಸಿಕೊಂಡರು. ನಾಟಕವನ್ನು ಚಿತ್ರಕ್ಕೆ ತಂದವರು ಅನೇಕರು. ನಾಟಕದ ಕೊರಳನ್ನು ಚಿತ್ರಕ್ಕೆ ತಂದವರಲ್ಲಿ ಆಕೆಯನ್ನು ಮೊದಲ ಸಾಲಿನಲ್ಲಿ ಕೂರಿಸಬೇಕೆಂಬುದು ನನ್ನ ಅಭಿಪ್ರಾಯ.

ಇದರ ಫಲ ಕಂಡದ್ದು 1943ರ ಕಿಸ್ಮತ್‌ನಲ್ಲಿ. ಬಾಂಬೆ ಟಾಕೀಸಿನ ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಅಶೋಕಕುಮಾರರ ಜೇಬುಗಳ್ಳನನ್ನು ಎಲ್ಲರೂ ನೆನೆಯುತ್ತಾರೆ. ನಾನು ನೆನೆಯುವುದು ಮುಮತಾಜ್ ಶಾಂತಿಯವರು ಅಭಿನಯಿಸಿದ ರಾಣಿಯ ಪಾತ್ರವನ್ನು. ಆಕೆ ಹಿಂದೊಮ್ಮೆ ನಾಟಕಶಾಲೆಯ ಒಡೆಯನಾಗಿದ್ದವನ ಮಗಳು; ಹೆಸರಾಂತ ನರ್ತಕಿಯಾಗಿದ್ದವಳು, ಈಗ ಕಾಲು ಸೋತವಳು. ನಾಟಕಶಾಲೆ ಪರರ ಪಾಲಾಗಿದೆ, ತಂದೆ ದಿಕ್ಕುಗೆಟ್ಟಿದ್ದಾನೆ. ಚಿತ್ರರಂಗವು ತಾನು ಮೂಲೆಗೊತ್ತಿದ ರಂಗಭೂಮಿಯನ್ನು ಇದಕ್ಕಿಂತ ನೇರವಾಗಿ ಚಿತ್ರಿಸಿದ್ದುಂಟೆ? ಆ ಕುಂಟು ನರ್ತಕಿಯ ಬಾಯಿಂದ ಹೊರಡುವ ಸ್ವರ ಅಮೀರಬಾಯಿಯವರದು. ಅನಿಲ ಬಿಸ್ವಾಸರ ಸಂಗೀತದಲ್ಲಿ ಆಕೆ ಹಾಡಿದ ಕೃಷ್ಣಪ್ರಾರ್ಥನೆಯನ್ನು ಕೇಳುವಾಗ, ಕಂಪನಿಯ ಪರದೆಯ ಹಿಂದೆ ನಿಂತು ಸರದಿಗಾಗಿ ಕಾದ ಹುಡುಗಿಯೊಬ್ಬಳು ನನಗೆ ಕಾಣುತ್ತಾಳೆ. ಅದೇ ಚಿತ್ರದ ದೇಶಾಭಿಮಾನದ ಮೇಳಗೀತದಲ್ಲಿಯೂ ಆಕೆಯ ಕಂಠವಿದೆ. ಕಿಸ್ಮತ್ ಯಾವ ನಾಟಕದ ರೂಪಾಂತರವೂ ಅಲ್ಲ. ಹೀಗಿದ್ದರೂ ಹಳೆಯ ರಂಗಭೂಮಿಯ ಆತ್ಮ, ನಾಟಕವನ್ನು ಯಥಾವತ್ತಾಗಿ ಹಿಡಿದ ಎಷ್ಟೋ ಚಿತ್ರಗಳಿಗಿಂತ ಹೆಚ್ಚಾಗಿ, ಅದರಲ್ಲಿ ಉಳಿದಿದೆ.

ಮುಂದಿನ ನಾಲ್ಕೈದು ವರ್ಷ ಆಕೆಯವು. ನೌಷಾದರ ರತನ್ (1944), ಗುಜರಾತಿಯ ರಾಣಕದೇವಿ (1946), ಸಿ. ರಾಮಚಂದ್ರರ ಶಹನಾಯಿ (1947): ಎಲ್ಲೆಡೆಯೂ ಆಕೆಯ ಹಾಡುಗಳಿದ್ದವು. 1948ರ ಶಹನಾಜ್ ಚಿತ್ರಕ್ಕೆ ತಾವೇ ಸಂಗೀತವನ್ನು ಸಂಯೋಜಿಸಿದರು. ಆ ಕಾಲದಲ್ಲಿ ಹೆಂಗಸರು ಅಪರೂಪಕ್ಕೆ ಮಾತ್ರ ಕುಳಿತ ಕುರ್ಚಿ ಅದು. ಕನ್ನಡಿಗರು ಆಕೆಯನ್ನು ಕನ್ನಡ ಕೋಕಿಲವೆಂದು ಕರೆದರು. ಮನೆಯ ಸುಖ ಮಾತ್ರ ಹಾಡಿನೊಂದಿಗೆ ಬರಲಿಲ್ಲ. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾರೊಡನೆ ಆದ ಮದುವೆ ದುಃಖದಲ್ಲಿ ಮುರಿಯಿತು. ದೇಶವಿಭಜನೆಯಾದಾಗ ಆತ ಪಾಕಿಸ್ತಾನಕ್ಕೆ ಹೋದರು. ಅನಂತರ ಪತ್ರಕರ್ತ ಬದರಿ ಕಾಂಚವಾಲಾ ಆಕೆಯ ಕೈಹಿಡಿದರು.

1949ರ ಮಹಲ್, ಬರಸಾತ್‌ಗಳೊಂದಿಗೆ ಲತಾ ಮಂಗೇಶಕರರ ಯುಗ ಆರಂಭವಾಯಿತು. ಹೊಸ ಸ್ವರ ಮೈಕಿನ ಜೊತೆಗೇ ಹುಟ್ಟಿದ ಸ್ವರ. ಅದಕ್ಕೆ ಬಿಡಬೇಕಾದ ಹಳೆಯದೇನೂ ಇರಲಿಲ್ಲ. ಅಮೀರಬಾಯಿ ಕ್ರಮೇಣ ಸಣ್ಣ ಪಾತ್ರಗಳ ಅಭಿನಯಕ್ಕೆ ಹಿಂದಿರುಗಿದರು. ಹಿಂದಿನ ಪೀಳಿಗೆಯ ಅನೇಕ ಗಾಯಕಿಯರ ಪಾಡೂ ಅಷ್ಟೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ.

ಗೋಹರಬಾಯಿ ಹಿಡಿದದ್ದು ತದ್ವಿರುದ್ಧವಾದ ದಾರಿ. ಬಾಲಗಂಧರ್ವರ ಗಾಯನಕ್ಕೆ ಮರುಳಾದ ಅವರು, ಚಿತ್ರರಂಗದ ಕಡೆಗೆ ಜಗತ್ತೇ ಓಡುತ್ತಿದ್ದ 1930ರ ದಶಕದ ಕೊನೆಯಲ್ಲಿ, ಅದನ್ನು ಬಿಟ್ಟು ಕುಸಿಯುತ್ತಿದ್ದ ಗಂಧರ್ವ ನಾಟಕ ಮಂಡಳಿಯನ್ನು ಸೇರಿದರು. ಆ ಮಹಾನಟ ಕಟ್ಟಿ ಬೆಳೆಸಿದ ಸ್ತ್ರೀಪಾತ್ರಗಳನ್ನು ತಾವು ಧರಿಸಿದರು. 1951ರಲ್ಲಿ ಇಬ್ಬರ ಮದುವೆಯಾಯಿತು. ಮರಾಠಿ ರಸಿಕರು ಆಕೆಯನ್ನು ಬಹುಕಾಲ ಕ್ಷಮಿಸಲಿಲ್ಲ. ತಮ್ಮ ದೇವರನ್ನು ಕಸಿದುಕೊಂಡವಳೆಂಬಂತೆ ನೋಡಿದರು. ಮುಳುಗುವ ಹಡಗನ್ನು ಏರಿದವಳು ಕಸಿದುಕೊಂಡದ್ದಾದರೂ ಏನು? ಗೋಹರಬಾಯಿ 1964ರಲ್ಲಿ ಕಣ್ಣು ಮುಚ್ಚಿದರು. ಮೂರು ವರ್ಷಗಳ ತರುವಾಯ ಬಾಲಗಂಧರ್ವರೂ ತೀರಿಕೊಂಡರು. ಅವರ ಬಾಳೇ ಚಿತ್ರವಾಗಿ ತೆರೆಗೆ ಬಂದದ್ದು 2011ರಲ್ಲಿ. ಅದರ ಹಾಡುಗಳಿಗೆ ಆನಂದ ಭಾಟೆಯವರು ರಾಷ್ಟ್ರಪ್ರಶಸ್ತಿ ಪಡೆದರು. ಸಾಧ್ವೀ ಮೀರಾಬಾಯಿಯ ಕ್ಯಾಮರಾಕ್ಕೆ ದಕ್ಕದಿದ್ದುದು ಇನ್ನೊಬ್ಬರ ಮುಖದಲ್ಲಿ, ಮತ್ತೊಬ್ಬರ ಕಂಠದಲ್ಲಿ, ಎಪ್ಪತ್ತನಾಲ್ಕು ವರ್ಷಗಳ ಮೇಲೆ ತಕ್ಕಮಟ್ಟಿಗೆ ದಕ್ಕಿತು.

ಅಮೀರಬಾಯಿ ಮುಂಬಯಿಯಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ವಿಜಾಪುರಕ್ಕೆ ಮರಳಿ ಬಂದು ಚಿತ್ರಮಂದಿರವಾಯಿತು. ಅದರ ಹೆಸರು ಅಮೀರ ಟಾಕೀಸು. ಆಕೆ 1965ರ ಮಾರ್ಚ್ 3ರಂದು ತೀರಿಕೊಂಡರು. ದಫನವಾದದ್ದು ವಿಜಾಪುರದ ಮಣ್ಣಿನಲ್ಲಿಯೇ. ಸತೀ ಸುಲೋಚನ ತೆರೆ ಕಂಡದ್ದೂ ಮಾರ್ಚ್ 3ರಂದೇ, ಮೂವತ್ತೊಂದು ವರ್ಷಗಳ ಹಿಂದೆ. ಬಹುಕಾಲ ನಮ್ಮ ಸಾಹಿತ್ಯಲೋಕ ಆಕೆಯ ಕಡೆಗೆ ತಿರುಗಿ ನೋಡಲಿಲ್ಲ. ರಹಮತ್ ತರೀಕೆರೆಯವರು ಊರೂರು ಅಲೆದು ಆಕೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮೇಲೆ ಆ ಕೊರತೆ ನೀಗಿತು. ಅದನ್ನು ಓದುವವರು ಕಿಸ್ಮತ್‌ನ ಹಾಡುಗಳನ್ನೂ ಪಕ್ಕದಲ್ಲಿರಿಸಿಕೊಳ್ಳಲಿ.