ಡಾ. ಎಂ.ಕೆ. ವೈನು ಬಪ್ಪು (1927–1982): ಸೂರ್ಯ ಹಾಗೂ ನಕ್ಷತ್ರಗಳ ಕಾಂತೀಯ ಚಕ್ರ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯ ಮೀನುಗಾರರು ಸಮುದ್ರದಲ್ಲಿ ದಾರಿ ತಿಳಿಯಲು ಜಿಪಿಎಸ್ ಉಪಕರಣಗಳನ್ನು ಬಳಸುತ್ತಾರೆ. ಸೂರ್ಯನ ಕಾಂತೀಯ ಚಟುವಟಿಕೆ ಹೆಚ್ಚಾದ ವರ್ಷಗಳಲ್ಲಿ ಈ ಸಂಕೇತಗಳಿಗೆ ಅಡಚಣೆಯಾಗುವ ಸಂಭವವಿರುತ್ತದೆ. ಈ ಚಟುವಟಿಕೆಯು ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಇದು ಸೂರ್ಯನಿಗೆ ಮಾತ್ರ ಸೀಮಿತವೇ, ಅಥವಾ ಸೂರ್ಯನಂತಹ ಇತರ ನಕ್ಷತ್ರಗಳಲ್ಲಿಯೂ ಇದೆಯೇ ಎಂಬ ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದ ಡಾ. ವೈನು ಬಪ್ಪು ಅವರ ಹೆಸರು ಸ್ಮರಣೀಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1927ರ ಆಗಸ್ಟ್ 10ರಂದು ಚೆನ್ನೈನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸೇವೆ ಸಲ್ಲಿಸುತ್ತಿದ್ದುದರಿಂದ ಬಾಲ್ಯದಲ್ಲಿಯೇ ದೂರದರ್ಶಕದ ಪರಿಚಯವಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1949ರಲ್ಲಿ, ಒಂದು ಧೂಮಕೇತುವನ್ನು ಪತ್ತೆಹಚ್ಚಿದರು. 1952ರಲ್ಲಿ ಡಾಕ್ಟರೇಟ್ ಪಡೆದರು.

ಕಾಂತೀಯ ಚಕ್ರದ ಉಗಮ

ಸೂರ್ಯನ ಹೊರಭಾಗದಲ್ಲಿ ವಿದ್ಯುದಾವೇಶವುಳ್ಳ ಬಿಸಿ ಅನಿಲವು ಕುದಿಯುವ ನೀರಿನಂತೆ ಮೇಲೇರಿ ಕೆಳಗಿಳಿಯುತ್ತಿರುತ್ತದೆ. ಸಮಭಾಜಕದ ಭಾಗವು ಸುಮಾರು 25 ದಿನಗಳಲ್ಲಿ ಒಂದು ಸುತ್ತು ತಿರುಗಿದರೆ, ಧ್ರುವಗಳ ಸಮೀಪದ ಭಾಗಕ್ಕೆ ಸುಮಾರು 35 ದಿನಗಳು ಬೇಕಾಗುತ್ತವೆ. ಈ ವ್ಯತ್ಯಾಸದಿಂದ ಉತ್ತರ-ದಕ್ಷಿಣವಾಗಿರುವ ಕಾಂತಕ್ಷೇತ್ರವು ಪೂರ್ವ-ಪಶ್ಚಿಮವಾಗಿ ಸುತ್ತಿಕೊಂಡು ಪ್ರಬಲಗೊಳ್ಳುತ್ತದೆ. ಅದು ಮೇಲ್ಮೈಗೆ ಬಂದಲ್ಲಿ ಸೌರಕಲೆಗಳು ಕಾಣುತ್ತವೆ. ಕ್ರಮೇಣ ಧ್ರುವಗಳು ಅದಲುಬದಲಾಗಿ, ಸುಮಾರು 22 ವರ್ಷಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತವೆ. ಸೂರ್ಯನಂತೆ ಹೊರಪದರವು ಕುದಿಯುತ್ತ ತಿರುಗುವ ನಕ್ಷತ್ರಗಳಲ್ಲಿಯೂ ಇದೇ ಬಗೆಯ ಕ್ರಿಯೆ ನಡೆಯುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯವಾಗಿದೆ.

ಸಂಶೋಧನೆ

ದೂರದ ನಕ್ಷತ್ರಗಳು ಕೇವಲ ಬಿಂದುವಿನಂತೆ ಕಾಣುವುದರಿಂದ ಅವುಗಳ ಕಲೆಗಳನ್ನು ಎಣಿಸುವುದು ಸಾಧ್ಯವಿಲ್ಲ. ಆದರೆ ಕಾಂತೀಯ ಚಟುವಟಿಕೆ ಹೆಚ್ಚಾದಂತೆ ಅವುಗಳ ಬೆಳಕಿನಲ್ಲಿ ಕ್ಯಾಲ್ಸಿಯಂನ ಕೆ ರೇಖೆಯು ಪ್ರಕಾಶಮಾನವಾಗುತ್ತದೆ. ಈ ರೇಖೆಯ ಅಗಲಕ್ಕೂ ನಕ್ಷತ್ರದ ನೈಜ ಪ್ರಕಾಶಕ್ಕೂ ಇರುವ ಸಂಬಂಧವನ್ನು ಬಪ್ಪು ಅವರು ಓಲಿನ್ ವಿಲ್ಸನ್ ಅವರೊಂದಿಗೆ 1957ರಲ್ಲಿ ಪ್ರಕಟಿಸಿದರು. ಇದು ವಿಲ್ಸನ್-ಬಪ್ಪು ಪರಿಣಾಮವೆಂದು ಪ್ರಸಿದ್ಧವಾಗಿದೆ. ತರುವಾಯ ವಿಲ್ಸನ್ ಅವರು 1966ರಿಂದ ಇದೇ ರೇಖೆಯ ಪ್ರಕಾಶವನ್ನು ವರ್ಷಗಟ್ಟಲೆ ಅಳೆದು, ಇತರ ನಕ್ಷತ್ರಗಳಲ್ಲಿಯೂ ಚಕ್ರಗಳಿರುವುದನ್ನು 1978ರಲ್ಲಿ ತೋರಿಸಿದರು.

ಸೇವೆ

1960ರಲ್ಲಿ ಬಪ್ಪು ಅವರು ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ 20ನೇ ಶತಮಾನದ ಆರಂಭದಿಂದ ಸಂಗ್ರಹವಾದ ಸೂರ್ಯನ ಛಾಯಾಚಿತ್ರಗಳು ಹಲವು ಚಕ್ರಗಳ ಅಮೂಲ್ಯ ದಾಖಲೆಗಳಾಗಿವೆ. 1971ರಲ್ಲಿ ಅವರ ಪ್ರಯತ್ನದಿಂದ ಭಾರತೀಯ ಖಭೌತ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಯಿತು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು.

ದೇಶದಲ್ಲಿಯೇ ನಿರ್ಮಿಸಲು ಅವರು ಕೈಗೊಂಡ 2.3 ಮೀಟರ್ ದೂರದರ್ಶಕವು ಪೂರ್ಣಗೊಳ್ಳುವ ಮುನ್ನವೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್‌ನಲ್ಲಿ ನಿಧನರಾದರು. 1986ರಲ್ಲಿ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ಅವರ ಹೆಸರನ್ನಿಡಲಾಯಿತು. ಒಂದು ಚಕ್ರವನ್ನು ಅರಿಯಲು ದಶಕಕ್ಕೂ ಮಿಕ್ಕಿದ ಕಾಲ ಬೇಕಾಗುವುದರಿಂದ, ಒಬ್ಬರು ಆರಂಭಿಸಿದ ದಾಖಲೆಯನ್ನು ಮುಂದಿನವರು ತಪ್ಪದೆ ಮುಂದುವರಿಸುವುದು ಅಗತ್ಯವೆಂಬುದನ್ನು ಅವರ ಜೀವನವು ತಿಳಿಸುತ್ತದೆ.